ಸಿಟ್ಟು ಕೌಂಟರಿನವರ ಮೇಲೆ, ತೀರ್ಮಾನ ಮಾಡಿದವರು ಬೇರೆಲ್ಲೋ!



ನಮ್ಮ ಕರಾವಳಿಯ ಯಾವುದೇ ಚರ್ಚಿನ ಯಾವುದೇ ವಾರ್ಡಿಗೆ ಹೋದರೂ ಬೆಂಗಳೂರಿನಲ್ಲಿ ದುಡಿಯುವ ಒಬ್ಬ ಮಗನೋ ಮಗಳೋ ಇರುವ ಮನೆಗಳು ಸಿಗುತ್ತವೆ. ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಲ್ಲಿ, ಜೆ.ಪಿ. ನಗರದ ಬಾಡಿಗೆ ಮನೆಗಳಲ್ಲಿ, ಬನಶಂಕರಿ, ಜಯನಗರಗಳಲ್ಲಿ ಅವರ ವಾಸ. ಭಾನುವಾರ ಸಂಜೆ ಊರಿಗೆ ಫೋನ್ ಮಾಡಿದಾಗ ಹೇಳುವ ಸುದ್ದಿಗಳಲ್ಲಿ ಅರ್ಧದಷ್ಟು ದೂರುಗಳೇ! 'ಸಾಮಾನು ಕೊಂಡರೆ ಚೀಲಕ್ಕೂ ದುಡ್ಡು ಕೇಳಿದರು', 'ಡೆಲಿವರಿ ಹುಡುಗ ಮೂರನೇ ಮಹಡಿಗೆ ಹತ್ತಲಿಲ್ಲ', 'ಬಿಲ್ಲು ಮಾಡುವವಳು ಮುಖ ಸಿಂಡರಿಸಿದಳು', 'ಪಕ್ಕದ ಮೇಜಿನವ ತನ್ನ ಕೆಲಸವನ್ನು ನನ್ನ ತಲೆಗೆ ಕಟ್ಟಿ ಮನೆಗೆ ಹೋದ'... ಹೀಗೆ.

ಇವೆಲ್ಲ ಸಣ್ಣ ವಿಷಯಗಳು ಎಂದು ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಈ ಸಣ್ಣ ಸಿಟ್ಟುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನಮಗೆ ಸಿಟ್ಟು ಬಂದದ್ದು ಎದುರಿಗೆ ಕಂಡ ಮನುಷ್ಯನ ಮೇಲೆ. ಆದರೆ ಆ ಸಿಟ್ಟಿಗೆ ಕಾರಣವಾದ ನಿಯಮವನ್ನು ಆ ಮನುಷ್ಯ ಮಾಡಿಲ್ಲ, ಅದನ್ನು ಬದಲಿಸುವ ಅಧಿಕಾರವೂ ಆತನಿಗಿಲ್ಲ. ತೀರ್ಮಾನ ಮಾಡಿದವರು ಎಲ್ಲೋ ಮೇಲಿನ ಮಹಡಿಯಲ್ಲಿದ್ದಾರೆ. ಅವರಿಗೆ ನಮ್ಮ ಸಿಟ್ಟು ತಲುಪುವುದೇ ಇಲ್ಲ! ಇಂದಿನ ವ್ಯಾಪಾರ ಮತ್ತು ಉದ್ಯೋಗದ ವ್ಯವಸ್ಥೆಯ ಒಂದು ದೊಡ್ಡ ಸಮಸ್ಯೆ ಇದೇ ಎಂದು ನನಗನಿಸುತ್ತದೆ. ಕಳೆದ ಕೆಲವು ವರ್ಷಗಳ ಬೆಳವಣಿಗೆಗಳನ್ನು ಈ ದೃಷ್ಟಿಯಿಂದ ಸ್ವಲ್ಪ ಪರಿಶೀಲಿಸೋಣ.

ಗಲ್ಲಾದಲ್ಲಿ ಕುಳಿತ ಯಜಮಾನ

ದಕ್ಷಿಣ ಬೆಂಗಳೂರಿನ ಹಳೆಯ ವ್ಯಾಪಾರ ಪದ್ಧತಿಯನ್ನು ಕಟ್ಟಿದವರಲ್ಲಿ ನಮ್ಮ ಕರಾವಳಿಯವರ ಪಾಲು ದೊಡ್ಡದು. 1924ರಲ್ಲಿ ಆರಂಭವಾದ, ಇಂದು ಲಾಲ್‌ಬಾಗ್ ರಸ್ತೆಯಲ್ಲಿರುವ ಎಂ.ಟಿ.ಆರ್. ಹೋಟೆಲನ್ನು ಸ್ಥಾಪಿಸಿದವರು ಉಡುಪಿ ಸೀಮೆಯ ಪಾರಂಪಳ್ಳಿಯ ಮಯ್ಯ ಸಹೋದರರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದೂ ಸಾಲಿಗ್ರಾಮದ ಕಡೆಯವರಿಂದಲೇ. ಇಂತಹ ಹೋಟೆಲುಗಳಲ್ಲಿ ಯಜಮಾನರು ಗಲ್ಲಾದಲ್ಲೇ ಕುಳಿತಿರುತ್ತಿದ್ದರು. ಸಾಂಬಾರು ಹುಳಿಯಾದರೆ, ಕಾಫಿ ತಣ್ಣಗಾದರೆ ಗಿರಾಕಿ ಮಾಣಿಯನ್ನು ಬೈಯಬೇಕಾಗಿರಲಿಲ್ಲ, ಹೊರಗೆ ಹೋಗುವಾಗ ಯಜಮಾನರಿಗೇ ಹೇಳಿ ಹೋಗುತ್ತಿದ್ದ. ಬೆಲೆ ನಿಗದಿ ಮಾಡಿದವನೂ ಹಣ ಎಣಿಸಿಕೊಂಡವನೂ ಒಬ್ಬನೇ ಆಗಿದ್ದ.

ಎಂ.ಟಿ.ಆರ್. ಕುರಿತ ಒಂದು ಸಂಗತಿ ಇಲ್ಲಿ ಉಲ್ಲೇಖನೀಯ. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ಹೋಟೆಲ್ ತಿಂಡಿಗಳಿಗೆ ಅತಿ ಕಡಿಮೆ ದರ ನಿಗದಿ ಮಾಡಿತು. ಗುಣಮಟ್ಟ ಇಳಿಸಲು ಒಪ್ಪದ ಎಂ.ಟಿ.ಆರ್. ನಷ್ಟದಲ್ಲೇ ತಿಂಡಿ ಬಡಿಸಿತು, ಮತ್ತು ದಿನದ ನಷ್ಟವೆಷ್ಟು ಎಂಬುದನ್ನು ಹೊರಗೆ ಫಲಕದಲ್ಲಿ ಬರೆದು ಹಾಕಿತು. ಒಂದು ವ್ಯಾಪಾರ ಸಂಸ್ಥೆ ತನ್ನ ಲೆಕ್ಕವನ್ನು ಗಿರಾಕಿಯ ಕಣ್ಣೆದುರು ಇಟ್ಟ ಅಪರೂಪದ ಉದಾಹರಣೆಯಿದು.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಹಳೆಯ ಹೋಟೆಲುಗಳಲ್ಲಿ ಎಳೆಯ ಮಕ್ಕಳು ಲೋಟ ತೊಳೆಯುತ್ತಿದ್ದರು. ದಿನಸಿ ಅಂಗಡಿಗಳಲ್ಲಿ ತೂಕದಲ್ಲಿ ಮೋಸವೂ ಇತ್ತು. ಆದರೆ ಮೋಸ ಮಾಡಿದವನ ಮುಖ ನಮಗೆ ಗೊತ್ತಿತ್ತು. ಇಂದು ಆ ಮುಖವೇ ಕಾಣುವುದಿಲ್ಲ.

ಚೀಲದ ಮೂರು ರೂಪಾಯಿ

ಈಗ ಮಾಲ್‌ಗಳಿಗೆ, ದೊಡ್ಡ ಅಂಗಡಿಗಳಿಗೆ ಬರೋಣ. ಸಾಮಾನು ಆರಿಸಿ ಸರದಿಯಲ್ಲಿ ನಿಂತು ಕೊನೆಗೆ ಕೌಂಟರಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ 'ಮೊಬೈಲ್ ನಂಬರ್ ಹೇಳಿ ಸರ್', ಎರಡನೆಯದು 'ಬ್ಯಾಗ್ ಬೇಕಾ?'. ಬೇಕು ಎಂದರೆ ಬಿಲ್ಲಿಗೆ ಹತ್ತೋ ಇಪ್ಪತ್ತೋ ರೂಪಾಯಿ ಸೇರುತ್ತದೆ. ಚೀಲದ ಮೇಲೆ ಅಂಗಡಿಯದ್ದೇ ಹೆಸರು! ಅವರ ಜಾಹೀರಾತನ್ನು ನಾವು ದುಡ್ಡು ಕೊಟ್ಟು ಹೊತ್ತು ತಿರುಗಬೇಕು.

ಚಂಡೀಗಢದ ಒಬ್ಬ ಗ್ರಾಹಕರಿಗೆ ಈ ಸಿಟ್ಟು ಸರಿಯಾದ ದಾರಿ ಹಿಡಿಯಿತು. ಬಾಟಾ ಅಂಗಡಿ ಕಾಗದದ ಚೀಲಕ್ಕೆ 3 ರೂಪಾಯಿ ಪಡೆದದ್ದನ್ನು ಅವರು ಗ್ರಾಹಕರ ವೇದಿಕೆಯಲ್ಲಿ ಪ್ರಶ್ನಿಸಿದರು. 2019ರಲ್ಲಿ ವೇದಿಕೆ ಪರಿಹಾರ, ಖರ್ಚು, ದಂಡ ಎಲ್ಲ ಸೇರಿ 9,000 ರೂಪಾಯಿ ಕಟ್ಟುವಂತೆ ಕಂಪನಿಗೆ ಆದೇಶಿಸಿತು. 2020ರ ಡಿಸೆಂಬರ್‌ನಲ್ಲಿ ಬಿಗ್ ಬಜಾರ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಮುಂಚಿತವಾಗಿ ತಿಳಿಸದೆ ಬಿಲ್ಲು ಮಾಡುವ ಹೊತ್ತಿಗೆ ಚೀಲಕ್ಕೆ ಹಣ ಕೇಳುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಿತು. ಬೆಂಗಳೂರಿನಲ್ಲೇ 2023ರಲ್ಲಿ ಐಕಿಯಾ ಕಂಪನಿ, ತನ್ನ ಹೆಸರಿದ್ದ ಚೀಲಕ್ಕೆ 20 ರೂಪಾಯಿ ವಸೂಲು ಮಾಡಿದ್ದಕ್ಕಾಗಿ ಗ್ರಾಹಕಿಯೊಬ್ಬರಿಗೆ ಸುಮಾರು 3,000 ರೂಪಾಯಿ ಕೊಡಬೇಕಾಯಿತು.

ಮೊಬೈಲ್ ನಂಬರಿನ ವಿಷಯವೂ ಹಾಗೆಯೇ. ನಂಬರ್ ಕೊಡದಿದ್ದರೆ ಬಿಲ್ಲು ಆಗುವುದಿಲ್ಲ ಎಂದು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ಮಾರಾಟ ಸಂಸ್ಥೆಗಳಿಗೆ ಸೂಚನೆ ನೀಡಿದೆ. ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ 'ಸರ್ವಿಸ್ ಚಾರ್ಜ್' ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು.

ಮೊಬೈಲ್ ಆ್ಯಪ್‌ಗಳಲ್ಲಿ ನಡೆಯುವುದು ಇದಕ್ಕಿಂತ ನಯವಾದ ವಿದ್ಯೆ. ನಾವು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಮೊದಲು ಕಡಿಮೆ ಬೆಲೆ ತೋರಿಸಿ ಹಣ ಕಟ್ಟುವ ಕೊನೆಯ ಪುಟದಲ್ಲಿ ಬಗೆಬಗೆಯ ಶುಲ್ಕ ಹೇರುವುದು, 'ಇನ್ನು ಎರಡೇ ಉಳಿದಿವೆ' ಎಂದು ಸುಳ್ಳು ಅವಸರ ಹುಟ್ಟಿಸುವುದು, ಸೇರಲು ಒಂದು ಒತ್ತು ಸಾಕು ಆದರೆ ಬಿಡಲು ಹತ್ತು ಪುಟ ದಾಟಬೇಕು ಎಂಬಂತೆ ಮಾಡುವುದು... ಇಂತಹ 13 ಬಗೆಯ ತಂತ್ರಗಳನ್ನು ಹೆಸರಿಸಿ ಕೇಂದ್ರ ಸರಕಾರ 2023ರ ನವೆಂಬರ್ 30ರಂದು ನಿಷೇಧಿಸಿತು. 2025ರ ಜೂನ್‌ನಲ್ಲಿ ಎಲ್ಲ ಆನ್‌ಲೈನ್ ಮಾರಾಟ ಕಂಪನಿಗಳಿಗೂ ಮೂರು ತಿಂಗಳೊಳಗೆ ಸ್ವಯಂ ತಪಾಸಣೆ ಮಾಡಿಕೊಳ್ಳಲು ಸೂಚಿಸಲಾಯಿತು.

ಗಮನಿಸಿ, ಈ ಯಾವ ಪ್ರಕರಣದಲ್ಲೂ ತಪ್ಪು ಕೌಂಟರಿನಲ್ಲಿ ನಿಂತ ಹುಡುಗಿಯದ್ದಲ್ಲ. 'ನಂಬರ್ ಕೇಳು' ಎಂದು ಆಕೆಗೆ ಹೇಳಿಕೊಡಲಾಗಿದೆ. ಆಕೆಯೊಡನೆ ಹತ್ತು ನಿಮಿಷ ಜಗಳವಾಡಿದರೆ ಹಿಂದಿನ ಸರದಿ ಬೆಳೆಯುತ್ತದೆ, ಆಕೆಯ ಕಣ್ಣಲ್ಲಿ ನೀರು ಬರುತ್ತದೆ, ಕಂಪನಿಯ ಚೀಲದ ದರ ಮಾತ್ರ ಇಳಿಯುವುದಿಲ್ಲ!

'ನಗದು ಮಾತ್ರ' ಎಂದ ಬೇಕರಿಯವನು

ಕೆಲವೊಮ್ಮೆ ತೀರ್ಮಾನ ಕಂಪನಿಯದ್ದಲ್ಲ, ಸರಕಾರದ್ದೂ ಆಗಿರಬಹುದು. 2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡದ್ದು ಅನೇಕರಿಗೆ ನೆನಪಿರಬಹುದು. ಕಿಸೆಯಲ್ಲಿ ನೋಟು ಇಟ್ಟುಕೊಳ್ಳುವುದನ್ನೇ ಮರೆತ ಯುವಜನರಿಗೆ ಇದು ಕಿರಿಕಿರಿ ಎನಿಸಿತು. ಅಂಗಡಿಯವ ತೆರಿಗೆ ತಪ್ಪಿಸುತ್ತಿದ್ದಾನೆ ಎಂದು ಮಾತಾಡಿಕೊಂಡವರೂ ಇದ್ದರು.

ನಡೆದದ್ದೇನು? ವಾಣಿಜ್ಯ ತೆರಿಗೆಗಳ ಇಲಾಖೆ 2021-22ರಿಂದ ನಾಲ್ಕು ವರ್ಷಗಳ ಯುಪಿಐ ವ್ಯವಹಾರದ ಮಾಹಿತಿ ತೆಗೆದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿ.ಎಸ್.ಟಿ. ನೋಟಿಸು ಕಳುಹಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ ಎಂಬುದು ನಿಯಮ. ಆದರೆ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೂ 29 ಲಕ್ಷ ರೂಪಾಯಿ ತೆರಿಗೆಯ ನೋಟಿಸು ಹೋಯಿತು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲದಿದ್ದರೂ! ಖಾತೆಗೆ ಬಂದ ಹಣವೆಲ್ಲ ಲಾಭವಲ್ಲ, ಮನೆಯವರು ಕಳುಹಿಸಿದ ಸಾಲವೂ ಅದರಲ್ಲಿ ಸೇರಿರುತ್ತದೆ ಎಂದು ವ್ಯಾಪಾರಿಗಳು ಅಲವತ್ತುಕೊಂಡರು. ಜುಲೈ 25ರಂದು ಬಂದ್‌ಗೆ ಕರೆ ಕೊಟ್ಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಕೊಳ್ಳಿ ಎಂದರು. ಬಂದ್ ಕೈಬಿಡಲಾಯಿತು.

ಇದರಲ್ಲಿ ಎರಡು ಪಾಠಗಳಿವೆ. ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೂರು ಸರಿಯಾದ ವಿಳಾಸಕ್ಕೆ, ಒಟ್ಟಾಗಿ, ಶಾಂತಿಯಿಂದ ತಲುಪಿದರೆ ಕೆಲವೇ ದಿನಗಳಲ್ಲಿ ಉತ್ತರ ಸಿಗುತ್ತದೆ ಎಂಬುದನ್ನೂ ಈ ಪ್ರಕರಣ ತೋರಿಸಿಕೊಟ್ಟಿತು.

ದಿನವಿಡೀ ನಿಂತವರು

ಮದುವೆಯ ಸೀರೆ ಕೊಳ್ಳಲು ಜಯನಗರದ ಅಂಗಡಿಗಳಿಗೆ ಹೋಗುವ ಕುಟುಂಬಗಳು ನಮ್ಮಲ್ಲಿಯೂ ಇವೆ. ನಾವು ಮೆತ್ತೆಯ ಮೇಲೆ ಕುಳಿತು ಐವತ್ತು ಸೀರೆ ಬಿಚ್ಚಿಸುತ್ತೇವೆ. ತೋರಿಸುವ ಹೆಣ್ಣುಮಗಳು ಬೆಳಿಗ್ಗೆಯಿಂದ ನಿಂತೇ ಇದ್ದಾಳೆ. ಸಂಜೆ ಏಳು ಗಂಟೆಗೆ ಆಕೆ ನಗಲಿಲ್ಲ ಎಂದು ನಮಗೆ ಬೇಸರ.

ಗಿರಾಕಿ ಇಲ್ಲದಿರುವಾಗಲೂ ಕುಳಿತುಕೊಳ್ಳಬಾರದು ಎಂಬುದು ಅನೇಕ ಜವಳಿ ಅಂಗಡಿಗಳ ಅಲಿಖಿತ ನಿಯಮ. ಪಕ್ಕದ ಕೇರಳದಲ್ಲಿ ಇದರ ವಿರುದ್ಧ ಮಹಿಳೆಯರು ವರ್ಷಗಟ್ಟಲೆ ಹೋರಾಡಿದರು. ಕೋಝಿಕ್ಕೋಡ್‌ನಲ್ಲಿ ಪಿ. ವಿಜಿ ಎಂಬ ಹೊಲಿಗೆ ಕೆಲಸದ ಮಹಿಳೆ ಮುಂದಾಳಾಗಿ ಕಟ್ಟಿದ ಪೆಣ್‌ಕೂಟ್ ಸಂಘಟನೆ ಮೊದಲು ಕೇಳಿದ್ದು ಶೌಚಾಲಯ, ಅನಂತರ ಕೇಳಿದ್ದು ಕುಳಿತುಕೊಳ್ಳುವ ಹಕ್ಕು. 2018ರಲ್ಲಿ ಕೇರಳ ಸರಕಾರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಆಸನ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಒಂದು ಸ್ಟೂಲಿಗಾಗಿ ಕಾನೂನು ಮಾಡಬೇಕಾಯಿತು ಎಂಬುದೇ ನಮ್ಮ ವ್ಯಾಪಾರ ಜಗತ್ತು ಎಲ್ಲಿಗೆ ಬಂದು ನಿಂತಿದೆ ಎಂಬುದಕ್ಕೆ ಸಾಕ್ಷಿ.

ಪಿಗ್ಮಿಯವರೂ ಡೆಲಿವರಿ ಹುಡುಗರೂ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದಕ್ಷಿಣ ಬೆಂಗಳೂರಿನ ಬೀದಿಗಳಲ್ಲಿ ಇಂದು ಅತಿ ಹೆಚ್ಚು ಬೈಗುಳ ತಿನ್ನುವವರು ಯಾರು ಎಂದು ಕೇಳಿದರೆ, ಬೆನ್ನಿಗೆ ಚೀಲ ಹಾಕಿಕೊಂಡು ಸ್ಕೂಟರ್ ಓಡಿಸುವ ಹುಡುಗರು ಎನ್ನಬಹುದು. ಏಕಮುಖ ರಸ್ತೆಯಲ್ಲಿ ಎದುರಿನಿಂದ ಬರುತ್ತಾರೆ, ಕಾಲುದಾರಿಯ ಮೇಲೆ ಹತ್ತಿಸುತ್ತಾರೆ ಎಂದು ನಡೆದು ಹೋಗುವವರಿಗೆ ಸಿಟ್ಟು. ತಡವಾಗಿ ಬಂದರೆಂದು ಆರ್ಡರ್ ಮಾಡಿದವರಿಗೂ ಸಿಟ್ಟು. ಲಿಫ್ಟಿನಲ್ಲಿ ಬರಬಾರದೆಂದು ಕೆಲವು ಅಪಾರ್ಟ್‌ಮೆಂಟುಗಳಲ್ಲಿ ನಿಯಮ. ತಪ್ಪು ದಾರಿಯಲ್ಲಿ ಓಡಿಸುವುದನ್ನು ಸಮರ್ಥಿಸಲಾಗದು, ನಿಜ. ಆದರೆ '10 ನಿಮಿಷದಲ್ಲಿ ನಿಮ್ಮ ಮನೆಗೆ' ಎಂದು ಜಾಹೀರಾತು ಕೊಟ್ಟವನು ಆ ಹುಡುಗನಲ್ಲ. ದಿನಕ್ಕೆ ಇಷ್ಟು ಆರ್ಡರ್ ಮುಗಿಸಿದರೆ ಮಾತ್ರ ಪ್ರೋತ್ಸಾಹಧನ ಎಂದು ಲೆಕ್ಕ ಹಾಕಿದವನೂ ಅವನಲ್ಲ.

ನೀತಿ ಆಯೋಗದ 2022ರ ವರದಿಯ ಪ್ರಕಾರ 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು. 2029-30ರ ವೇಳೆಗೆ ಅವರ ಸಂಖ್ಯೆ 2.35 ಕೋಟಿ ಆಗಲಿದೆ ಎಂಬ ಅಂದಾಜು ಅದರಲ್ಲಿದೆ. ಕಂಪನಿಗಳು ಇವರನ್ನು ನೌಕರರೆಂದು ಕರೆಯುವುದಿಲ್ಲ, 'ಪಾಲುದಾರರು' ಎನ್ನುತ್ತವೆ. ಯಾವಾಗ ಬೇಕಾದರೂ ಕೆಲಸಕ್ಕೆ ಬರಬಹುದು, ಬಿಡಬಹುದು, ಬೇರೆಡೆಯೂ ದುಡಿಯಬಹುದು, ಆದ್ದರಿಂದ ಇವರು ನಮ್ಮ ನೌಕರರಲ್ಲ ಎಂಬುದು ಅವರ ವಾದ. ಪಾಲುದಾರನಿಗೆ ಲಾಭದಲ್ಲಿ ಪಾಲು ಇರಬೇಕಲ್ಲವೇ? ಇಲ್ಲಿ ಪೆಟ್ರೋಲ್ ಅವನದ್ದು, ಗಾಡಿ ಅವನದ್ದು, ಬಿದ್ದರೆ ಮುರಿಯುವ ಕಾಲೂ ಅವನದ್ದೇ!

ಈ ವಾದ ಕರಾವಳಿಯವರಿಗೆ ಹೊಸದೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ಆರಂಭಿಸಿತು. ಪಿಗ್ಮಿಯವರು ದಿನವೂ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ, ನಾಲ್ಕಾಣೆ ಸಂಗ್ರಹಿಸಿ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ಬಡವರ ಮನೆಯ ಮದುವೆ, ಮಕ್ಕಳ ಶಾಲೆಯ ಫೀಸು ಎಷ್ಟೋ ಬಾರಿ ಆ ಹಣದಿಂದಲೇ ನಡೆದಿದೆ. ಆದರೆ ಪಿಗ್ಮಿಯವರಿಗೆ ಸಂಬಳವಿರಲಿಲ್ಲ, ಕಮಿಷನ್ ಮಾತ್ರ. ಅವರು ಹಕ್ಕು ಕೇಳಿದಾಗ ಬ್ಯಾಂಕುಗಳು ಹೇಳಿದ್ದು ಇದನ್ನೇ: ಇವರಿಗೆ ನಿಗದಿತ ವೇಳೆಯಿಲ್ಲ, ಬೇರೆ ಕೆಲಸವನ್ನೂ ಮಾಡಬಹುದು, ಇವರು ಏಜೆಂಟರು, ನೌಕರರಲ್ಲ!

ಈ ವ್ಯಾಜ್ಯ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಿ 1988ರಲ್ಲಿ ತೀರ್ಪು ಬಂತು. ಅಲ್ಲಿಂದ ಮೇಲ್ಮನವಿಗಳಾಗಿ ಕೊನೆಗೆ 2001ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇತ್ಯರ್ಥ ಮಾಡಿತು. ಕಮಿಷನ್ ಕೂಡ ಸಂಬಳದ ಒಂದು ರೂಪವೇ, ಬ್ಯಾಂಕಿನ ನಿಯಂತ್ರಣದಲ್ಲಿ ದುಡಿಯುವ ಠೇವಣಿ ಸಂಗ್ರಾಹಕರು ಕಾನೂನಿನ ಅರ್ಥದಲ್ಲಿ ಕೆಲಸಗಾರರೇ ಎಂದು ನ್ಯಾಯಾಲಯ ಹೇಳಿತು. ಕನಿಷ್ಠ ಮಾಸಿಕ ಆದಾಯ, ಗ್ರಾಚ್ಯುಯಿಟಿಯಂತಹ ಸೌಲಭ್ಯಗಳಿಗೆ ದಾರಿಯಾಯಿತು. ಯೋಜನೆ ಆರಂಭವಾಗಿ ಅಷ್ಟು ಹೊತ್ತಿಗೆ 73 ವರ್ಷಗಳು ಕಳೆದಿದ್ದವು ಎಂಬುದನ್ನು ಮರೆಯಬಾರದು.

ಡೆಲಿವರಿ ಹುಡುಗರು ಅಷ್ಟು ಕಾಲ ಕಾಯಬೇಕಾಗಲಿಕ್ಕಿಲ್ಲ ಎಂಬ ಭರವಸೆಗೆ ಕಾರಣಗಳಿವೆ. 2023ರಲ್ಲಿ ರಾಜಸ್ಥಾನ ಗಿಗ್ ಕಾರ್ಮಿಕರಿಗಾಗಿ ದೇಶದ ಮೊದಲ ಕಾಯ್ದೆ ಮಾಡಿತು. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಆಗಸ್ಟ್‌ನಲ್ಲಿ ವಿಧಾನ ಮಂಡಲದಲ್ಲಿ ಮಸೂದೆ ಅಂಗೀಕರಿಸಿ, ಸೆಪ್ಟೆಂಬರ್‌ನಲ್ಲಿ ರಾಜ್ಯಪಾಲರ ಒಪ್ಪಿಗೆ ಪಡೆಯಿತು. ಈ ಕಾಯ್ದೆಯ ಮೂರು ಅಂಶಗಳನ್ನು ನಮ್ಮ ಯುವಜನರು ತಿಳಿದಿರಬೇಕು. ಮೊದಲನೆಯದಾಗಿ, ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಎರಡನೆಯದಾಗಿ, ಕಾರ್ಮಿಕರ ನೋಂದಣಿಗೆ ಮತ್ತು ಸಾಮಾಜಿಕ ಭದ್ರತೆಗೆ ಕಲ್ಯಾಣ ಮಂಡಳಿ ಇರುತ್ತದೆ. ಮೂರನೆಯದಾಗಿ, ಲಿಖಿತ ಕಾರಣ ಕೊಡದೆ, 14 ದಿನಗಳ ಮುಂಚಿತ ನೋಟಿಸು ಕೊಡದೆ ಯಾರನ್ನೂ ಸುಮ್ಮನೆ ಕೆಲಸದಿಂದ ತೆಗೆಯುವಂತಿಲ್ಲ. ಫೋನಿನ ಆ್ಯಪ್ ಒಂದು ಬೆಳಿಗ್ಗೆ ತೆರೆಯದೇ ಹೋಗುವುದೇ ಕೆಲಸ ಹೋದದ್ದರ ಸುದ್ದಿ ಎಂಬ ಸ್ಥಿತಿಯಲ್ಲಿದ್ದವರಿಗೆ ಇದು ಸಣ್ಣ ವಿಷಯವಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ ಗಿಗ್ ಕಾರ್ಮಿಕರನ್ನು ಹೆಸರಿಸಿ ಗುರುತಿಸಿದೆ.

2025ರ ಡಿಸೆಂಬರ್ ಕೊನೆಯಲ್ಲಿ ದೇಶದ ಹಲವೆಡೆ ಡೆಲಿವರಿ ಕಾರ್ಮಿಕರು ಮುಷ್ಕರ ಹೂಡಿದರು. ಕ್ರಿಸ್ಮಸ್ ದಿನ ಮತ್ತು ವರ್ಷದ ಕೊನೆಯ ದಿನ ಅವರು ಆರಿಸಿಕೊಂಡ ದಿನಗಳು. 2026ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವ ಮನ್ಸುಖ್ ಮಾಂಡವಿಯಾ ಅವರು ಕಂಪನಿಗಳೊಡನೆ ಮಾತುಕತೆ ನಡೆಸಿದ ನಂತರ ಬ್ಲಿಂಕಿಟ್ ತನ್ನ '10 ನಿಮಿಷ'ದ ಘೋಷಣೆಯನ್ನು ಕೈಬಿಟ್ಟಿತು. ಜಾಹೀರಾತು ಹೋದ ಮಾತ್ರಕ್ಕೆ ಅವಸರ ಹೋಗುತ್ತದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಅರ್ಧ ಉತ್ತರವಿರುವುದು ಆರ್ಡರ್ ಮಾಡುವ ನಮ್ಮಲ್ಲಿಯೇ. ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಬಾರದಿದ್ದರೆ ಯಾರ ಮನೆಯ ಅಡುಗೆಯೂ ಕೆಡುವುದಿಲ್ಲ.

ಪಕ್ಕದ ಮೇಜಿನವರು

ಇನ್ನು ಕಚೇರಿಯ ವಿಷಯ. ಸಹೋದ್ಯೋಗಿಗಳ ಬಗ್ಗೆ ದೂರು ಇಲ್ಲದ ಉದ್ಯೋಗಿ ಇಲ್ಲವೇ ಇಲ್ಲ. ನಾನು ಮಾಡಿದ ಕೆಲಸವನ್ನು ತನ್ನದೆಂದು ಮ್ಯಾನೇಜರಿಗೆ ತೋರಿಸಿದ, ರಜೆಯಲ್ಲಿದ್ದಾಗ ಫೋನ್ ಮಾಡಿದ, ಸಭೆಯಲ್ಲಿ ನನ್ನ ತಪ್ಪನ್ನೇ ಎತ್ತಿ ಆಡಿದ... ಮನುಷ್ಯ ಸ್ವಭಾವದ ಹೊಟ್ಟೆಕಿಚ್ಚು, ಸೋಮಾರಿತನ ಇದರಲ್ಲಿ ಇಲ್ಲವೆಂದಲ್ಲ. ಆದರೆ ಇಬ್ಬರು ಒಳ್ಳೆಯವರೇ ಒಂದೇ ತಂಡದಲ್ಲಿ ಶತ್ರುಗಳಾಗುವುದನ್ನು ನೋಡಿದಾಗ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಅಂತಹ ಒಂದು ಕಾರಣ ಕಡ್ಡಾಯ ಶ್ರೇಣೀಕರಣ, ಐ.ಟಿ. ಜನರ ಬಾಯಲ್ಲಿ 'ಬೆಲ್ ಕರ್ವ್'. ತಂಡದ ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದರೂ ಇಂತಿಷ್ಟು ಜನರನ್ನು ಕೆಳಗಿನ ಸಾಲಿಗೆ ಹಾಕಲೇಬೇಕು ಎಂಬ ಪದ್ಧತಿಯಿದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜ್ಯಾಕ್ ವೆಲ್ಚ್ ಅವರ ಕಾಲದಲ್ಲಿ ಪ್ರಸಿದ್ಧಿಗೆ ಬಂದು ಎಲ್ಲೆಡೆ ಹರಡಿತು. ಪಕ್ಕದವನಿಗೆ ಸಹಾಯ ಮಾಡಿದರೆ ನಾನೇ ಕೆಳಗಿಳಿಯುತ್ತೇನೆ ಎಂದಾದ ಮೇಲೆ ಯಾರು ಯಾರಿಗೆ ಸಹಾಯ ಮಾಡುತ್ತಾರೆ? ಮೈಕ್ರೋಸಾಫ್ಟ್ ಕಂಪನಿ 2013ರಲ್ಲಿ ಇದನ್ನು ಕೈಬಿಟ್ಟಿತು. ಒಬ್ಬರ ಕಾಲನ್ನೊಬ್ಬರು ಎಳೆಯುವಂತೆ ನಿಯಮ ಮಾಡಿ ಅನಂತರ 'ತಂಡದ ಮನೋಭಾವ' ಕುರಿತು ಶಿಬಿರ ನಡೆಸುವುದು ವಿಪರ್ಯಾಸವಲ್ಲವೇ!

ಎರಡನೆಯ ಕಾರಣ ಕೆಲಸದ ಅವಧಿ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು, ಹೆಚ್ಚುವರಿ ಕೆಲಸ ಸೇರಿದರೂ ಸಾಮಾನ್ಯವಾಗಿ ದಿನಕ್ಕೆ 10 ಗಂಟೆ ದಾಟಬಾರದು, ವಾರಕ್ಕೊಂದು ಪೂರ್ಣ ರಜೆ ಕೊಡಬೇಕು. ಆದರೆ 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಬಾಯಲ್ಲಿ ಅದು 90 ಗಂಟೆಯಾಯಿತು, ಭಾನುವಾರವೂ ದುಡಿಸಲು ಆಗುತ್ತಿಲ್ಲವಲ್ಲ ಎಂದು ಅವರು ಬೇಸರಿಸಿದ್ದರು. 2024ರ ಜುಲೈಯಲ್ಲಿ ರಾಜ್ಯದಲ್ಲಿ ಐ.ಟಿ. ಉದ್ಯೋಗಿಗಳ ದಿನದ ಕೆಲಸವನ್ನು 14 ಗಂಟೆಗಳವರೆಗೆ ಹಿಗ್ಗಿಸುವ ಪ್ರಸ್ತಾವ ಚರ್ಚೆಗೆ ಬಂತು. ಕರ್ನಾಟಕ ರಾಜ್ಯ ಐ.ಟಿ. ಮತ್ತು ಐ.ಟಿ.ಇ.ಎಸ್. ನೌಕರರ ಸಂಘ ಅದನ್ನು ಬೀದಿಗಿಳಿದು ವಿರೋಧಿಸಿತು. 2025ರ ಜೂನ್‌ನಲ್ಲಿ ಮತ್ತೆ 12 ಗಂಟೆಯ ಪ್ರಸ್ತಾವ, ಮತ್ತೆ ವಿರೋಧ.

ನಿದ್ದೆಗೆಟ್ಟವನು ಪಕ್ಕದ ಮೇಜಿನವನ ಮೇಲೆ ರೇಗುತ್ತಾನೆ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಆಟೋದವನ ಮೇಲೆ, ಮನೆಗೆ ಬಂದು ಡೆಲಿವರಿ ಹುಡುಗನ ಮೇಲೆ, ಕೊನೆಗೆ ಹೆಂಡತಿ ಮಕ್ಕಳ ಮೇಲೆ! ಮೇಲಿನಿಂದ ಹೊರಟ ಒತ್ತಡ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಅದನ್ನು ಹೊರುವವರು ನಮ್ಮ ನಿಮ್ಮಂತಹವರೇ. ಒಂದೇ ಚರ್ಚಿನ ಒಂದು ಮನೆಯ ಮಗಳು ಲ್ಯಾಪ್‌ಟಾಪಿನ ಮುಂದೆ ಕುಳಿತು ಊಟ ತರಿಸಿದರೆ, ಅದನ್ನು ತಲುಪಿಸುವವನು ಇನ್ನೊಂದು ಮನೆಯ ಮಗನಾಗಿರಬಹುದು.

ನಾವೇನು ಮಾಡಬಹುದು?

ವ್ಯವಸ್ಥೆಯನ್ನು ಒಂದೇ ದಿನದಲ್ಲಿ ಬದಲಿಸಲು ಸಾಧ್ಯವಿಲ್ಲ. ಆದರೆ ಸಿಟ್ಟನ್ನು ಸರಿಯಾದ ವಿಳಾಸಕ್ಕೆ ಕಳುಹಿಸಲು ಸಾಧ್ಯವಿದೆ. ಕೆಲವು ಸಲಹೆಗಳು:

1. ಬಿಲ್ಲನ್ನು ಓದಿ. ಕೇಳದ ಶುಲ್ಕವಿದ್ದರೆ ಕೌಂಟರಿನಲ್ಲಿ ಶಾಂತವಾಗಿ ತೆಗೆಯಲು ಹೇಳಿ. ಒಪ್ಪದಿದ್ದರೆ ಜಗಳ ಬೇಡ, ಬಿಲ್ಲು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

2. ಅಲ್ಲಿ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ನೀವು ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ಅಂದರೆ ಬೆಂಗಳೂರಿನ ಕಂಪನಿ ಆನ್‌ಲೈನಿನಲ್ಲಿ ಮೋಸ ಮಾಡಿದರೂ ಉಡುಪಿಯವರು ಉಡುಪಿಯಲ್ಲೇ, ಮಂಗಳೂರಿನವರು ಮಂಗಳೂರಿನಲ್ಲೇ ಕೇಳಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷಗಳೊಳಗೆ ದೂರು ಕೊಡಬೇಕು, ಅಷ್ಟೇ.

3. ಆ್ಯಪ್‌ನಲ್ಲಿ ನಕ್ಷತ್ರ ಕೊಡುವಾಗ ಒಂದು ಕ್ಷಣ ಯೋಚಿಸಿ. ಅಡುಗೆ ಚೆನ್ನಾಗಿರಲಿಲ್ಲವೆಂಬ ಸಿಟ್ಟಿಗೆ ತಂದವನಿಗೆ ಒಂದೇ ನಕ್ಷತ್ರ ಕೊಟ್ಟರೆ ಅವನ ನಾಳೆಯ ದುಡಿಮೆಗೆ ಪೆಟ್ಟು ಬೀಳಬಹುದು. ಮಳೆಯಲ್ಲಿ ಬಂದವನಿಗೆ ಒಂದು ಲೋಟ ನೀರು ಕೊಡಲು ಯಾವ ಆ್ಯಪ್‌ನ ಅಪ್ಪಣೆಯೂ ಬೇಕಾಗಿಲ್ಲ.

4. ಕಚೇರಿಯಲ್ಲಿ ಸಹೋದ್ಯೋಗಿಯೊಡನೆ ಮನಸ್ತಾಪವಾದರೆ ಮೊದಲು ಇಬ್ಬರೂ ಕುಳಿತು, ಈ ಗಡುವು ಯಾರು ಕೊಟ್ಟದ್ದು ಎಂದು ಕೇಳಿಕೊಳ್ಳಿ. ಅನೇಕ ಜಗಳಗಳು ಅಲ್ಲಿಗೇ ಮುಗಿಯುತ್ತವೆ. ಮೇಲಿನವರಿಗೆ ಹೇಳಬೇಕಾದುದನ್ನು ಬರಹದಲ್ಲಿ, ಸಾಧ್ಯವಾದರೆ ಒಟ್ಟಾಗಿ ಹೇಳಿ.

5. ಡೆಲಿವರಿ ಕೆಲಸದಲ್ಲಿರುವ ನಮ್ಮ ಯುವಕರು ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ಇದಕ್ಕೆ ನೆರವಾಗಲು ಚರ್ಚುಗಳ ಯುವ ಸಂಘಟನೆಗಳು, ಆಯೋಗಗಳು ಮುಂದೆ ಬರಲಿ. ರಕ್ತದಾನ ಶಿಬಿರ ನಡೆಸುವಷ್ಟೇ ಸುಲಭವಾಗಿ ಒಂದು ನೋಂದಣಿ ಶಿಬಿರವನ್ನೂ ನಡೆಸಬಹುದು.

ಕೊನೆಯದಾಗಿ, ಬೆಂಗಳೂರಿನ ಕಂಪನಿಗಳತ್ತ ಬೆರಳು ತೋರಿಸುವ ಮೊದಲು ನಮ್ಮ ಊರಿನ ಕಡೆಗೂ ನೋಡೋಣ. ನಮ್ಮವರದ್ದೂ ಅಂಗಡಿಗಳಿವೆ, ಹೋಟೆಲುಗಳಿವೆ, ಶಾಲೆ, ಆಸ್ಪತ್ರೆ, ಸಹಕಾರಿ ಸಂಘಗಳಿವೆ. ಅಲ್ಲಿ ದುಡಿಯುವ ಸೇಲ್ಸ್ ಹುಡುಗಿಗೆ ಕುಳಿತುಕೊಳ್ಳಲು ಸ್ಟೂಲು ಇದೆಯೇ? ಆಯಾಗೆ, ವಾಚ್‌ಮನ್‌ಗೆ ನೇಮಕ ಪತ್ರವಿದೆಯೇ? ವಾರದ ರಜೆ ಸಿಗುತ್ತಿದೆಯೇ? ಗಿರಾಕಿ, ಪಾಲಕರು, ರೋಗಿಗಳ ಸಿಟ್ಟನ್ನೆಲ್ಲ ಎದುರಿನ ಕೌಂಟರಿನವರೇ ನುಂಗಿಕೊಳ್ಳುತ್ತಿದ್ದಾರೆಯೇ, ಅಥವಾ ತೀರ್ಮಾನ ಮಾಡಿದವರು ಹೊರಗೆ ಬಂದು ಉತ್ತರ ಕೊಡುತ್ತಾರೆಯೇ? ಆಡಳಿತ ಮಂಡಳಿಗಳ ಮುಂದಿನ ಸಭೆಯಲ್ಲಿ ಈ ಪ್ರಶ್ನೆಗಳನ್ನು ಯಾರಾದರೊಬ್ಬರು ಎತ್ತಲಿ. ಗಲ್ಲಾದಲ್ಲಿ ಯಜಮಾನನೇ ಕುಳಿತಿರಬೇಕೆಂದು ಈ ಕಾಲದಲ್ಲಿ ಯಾರೂ ಕೇಳುವುದಿಲ್ಲ. ಆತನ ಕಿವಿಯಾದರೂ ಅಲ್ಲಿರಲಿ!